ಕೂತವರು ಏಳಲಾಗದ ಚೌತಿ

ಚಿಕೂನ್‌ಗುನ್ಯಾ ನಮ್ಮ ಕಡೆಗೂ ಬಂದ ವರ್ಷ ನಾನು ಬಾಳಗಡಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು, ಗಂಟುನೋವು ಬಿಡಲಿಲ್ಲ. ಬೆರಳು ಮಡಚಿದರೆ ಬಿಡಿಸಲಾಗದು, ಬಿಡಿಸಿದರೆ ಮಡಚಲಾಗದು. ಇಡೀ ಬೀದಿಯದೂ ಅದೇ ಪಾಡು. ಬೆಳಿಗ್ಗೆ ಹಾಲಿಗೆ ಹೊರಟವರೆಲ್ಲ ಬಿದ್ದುಹೋದ ಬೆಂಡೋಲೆ ಹುಡುಕುವವರಂತೆ ಬಗ್ಗಿಕೊಂಡೇ ನಡೆಯುತ್ತಿದ್ದರು.

ನಮ್ಮ ಬೀದಿಯ ಗಣಪತಿಯನ್ನು ಹಿಟ್ಟಿನ ಗಿರಣಿಯ ಜಗಲಿಯಲ್ಲಿ ಕೂರಿಸುವುದು ರೂಢಿ. ಚೌತಿಗೆ ಎರಡು ದಿನ ಇರುವಾಗ, ಈ ಸಲ ಹೇಗೆ ಎಂದು ಕೇಳಲು ಹೋದೆ. ಅರವತ್ತು ದಾಟಿದ ಗಿರಣಿ ಯಜಮಾನರು ಅಕ್ಕಿಮೂಟೆಗೆ ಒರಗಿ ನಿಂತಿದ್ದರು.

"ಗಣಪತಿ ಕೂರ್ಸದು ಕಷ್ಟ ಅಲ್ಲ ಟೀಚರೇ," ಎಂದರು. "ನಾವು ಕೂತ್ರೆ ಎಬ್ಸೋರು ಯಾರು ಅನ್ನದೊಂದೇ ಯೋಚ್ನೆ."

ಹಬ್ಬ ಬಿಡುವ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಮೊದಲು ಜ್ವರ ಬಂದವರು ಅಷ್ಟಿಷ್ಟು ಸುಧಾರಿಸಿದ್ದರಿಂದ ಚಪ್ಪರ ಅವರ ಪಾಲಿಗೆ ಬಂತು. ಕಡುಬಿನ ಅಂಚು ಒತ್ತಲು ನಮ್ಮ ಯಾರ ಬೆರಳೂ ಬಗ್ಗದು. ಜ್ವರದಿಂದ ತಪ್ಪಿಸಿಕೊಂಡಿದ್ದ ನನ್ನ ನಾಲ್ವರು ವಿದ್ಯಾರ್ಥಿನಿಯರು ಆ ಕೆಲಸ ವಹಿಸಿಕೊಂಡರು. ಕೆಲವು ಕಡುಬು ದೋಣಿಯಂತೆ, ಕೆಲವು ಬೆಕ್ಕಿನ ಕಿವಿಯಂತೆ ಬಂದವು. ತಿಂದವರು ಯಾರೂ ಆಕಾರ ಕೇಳಲಿಲ್ಲ.

ಚೌತಿಯ ದಿನ ಪೂಜೆಗೆ ಬಂದ ಭಟ್ಟರ ಮಂಡಿಯೂ ಮಡಚುತ್ತಿರಲಿಲ್ಲ. ಗಣಪತಿಯನ್ನು ಎತ್ತರದ ಮೇಜಿನ ಮೇಲಿಟ್ಟು ಅವರು ನಿಂತೇ ಪೂಜೆ ಮಾಡಿದರು. ನಾವು ಮಾತ್ರ ಅಭ್ಯಾಸಬಲದಿಂದ ಚಾಪೆಯ ಮೇಲೆ ಕೂತುಬಿಟ್ಟಿದ್ದೆವು. ಮಂಗಳಾರತಿಯ ಗಂಟೆ ಮೊಳಗಿತು. ಒಬ್ಬರಿಗೂ ಏಳಲಾಗಲಿಲ್ಲ. ಯಜಮಾನರು ಕಂಬ ಹಿಡಿದರು, ಅವರ ಹೆಂಡತಿ ಅವರ ತೋಳು ಹಿಡಿದರು, ನಾನು ಆಕೆಯ ಕೈ ಹಿಡಿದೆ. ಅರ್ಧ ಎದ್ದ ಮೂವರೂ ಒಟ್ಟಿಗೇ ಮತ್ತೆ ಚಾಪೆಗೆ ಬಿದ್ದೆವು.

ಭಟ್ಟರು ತಿರುಗಿ ನೋಡಿದರು. "ಅಲ್ಲೇ ಕೂತಿರಿ ಮಾರಾಯ್ರೆ, ಆರತಿನೇ ನಿಮ್ಮತ್ರ ಬರ್ತದೆ."

ಆರತಿ ಕೊಡಲು ಬಗ್ಗಿದ ಭಟ್ಟರು ನೆಟ್ಟಗಾಗಲಾರದೆ ಹಾಗೇ ಸಿಕ್ಕಿಹಾಕಿಕೊಂಡರು. ಮೊದಲು ಕಿಸಕ್ಕೆಂದದ್ದು ಯಾರೋ, ಆಮೇಲೆ ಎಲ್ಲರೂ. ನಕ್ಕರೆ ಪಕ್ಕೆ ನೋವು, ಆ ನೋವಿಗೆ ಇನ್ನಷ್ಟು ನಗು. ಹುಡುಗಿಯರು ಮೊದಲು ಭಟ್ಟರನ್ನು ನೆಟ್ಟಗೆ ಮಾಡಿ, ಆಮೇಲೆ ನಮ್ಮನ್ನು ಒಬ್ಬೊಬ್ಬರಾಗಿ ಎತ್ತಿ ನಿಲ್ಲಿಸಿದರು. ಯಜಮಾನರ ಕಣ್ಣಲ್ಲಿ ನೀರು ಬಂದಿತ್ತು. ನೋವಿಗೋ ನಗುವಿಗೋ ಅವರಿಗೇ ತಿಳಿಯಲಿಲ್ಲವಂತೆ.

ಸಂಜೆ ಮೂಟೆ ಸಾಗಿಸುವ ಕೈಗಾಡಿಗೆ ಬಾಳೆಕಂಬ ಕಟ್ಟಿ, ಗಣಪತಿಯನ್ನು ಕೆರೆಗೆ ಹೊರಡಿಸಿದೆವು. ಕಾಲು ಗಂಟೆಯ ದಾರಿ ಒಂದೂವರೆ ಗಂಟೆ ಹಿಡಿಯಿತು. ಡೋಲಿನವನ ಮಣಿಕಟ್ಟಿಗೂ ನೋವು; ಒಂದು ಪೆಟ್ಟು ಹಾಕಿ ಸುಧಾರಿಸಿಕೊಂಡು ಇನ್ನೊಂದು ಹಾಕುತ್ತಿದ್ದ. ಆ ಪೆಟ್ಟಿಗೆ ಸರಿಯಾಗಿ ನಾವು ಒಂದೊಂದೇ ಹೆಜ್ಜೆ ಇಟ್ಟೆವು. ಯಜಮಾನರು ಒಂದು ಮೊಣಕೈ ಎತ್ತಿ ಕುಣಿಯತೊಡಗಿದರು. ಅಂಗಡಿಗಳಿಂದ ಬಗ್ಗಿಕೊಂಡೇ ಇಳಿದು ಬಂದವರು ತಮಗೆ ಎತ್ತಲಾದದ್ದನ್ನು ಎತ್ತಿ ಸೇರಿಕೊಂಡರು. ಅಷ್ಟು ದೊಡ್ಡ ಮೆರವಣಿಗೆ ನಮ್ಮ ಬೀದಿಯಿಂದ ಅದುವರೆಗೆ ಹೊರಟಿರಲಿಲ್ಲ.

ಹುಡುಗಿಯರು ಸೊಂಟದವರೆಗಿನ ನೀರಿಗೆ ಇಳಿದು ಗಣಪತಿಯನ್ನು ಬಿಟ್ಟು ಬಂದರು. ವಾಪಸು ಹೊರಡುವಾಗ ಯಜಮಾನರ ಹೆಂಡತಿ ತನಗಿನ್ನು ಒಂದು ಹೆಜ್ಜೆಯೂ ಆಗದೆಂದು ಖಾಲಿ ಗಾಡಿ ಹತ್ತಿ ಬಾಳೆಕಂಬಗಳ ನಡುವೆ ಕೂತರು. ಹುಡುಗಿಯರು ನೂಕಿದರು. ದಾರಿಯುದ್ದಕ್ಕೂ ಜನ ಜೈಕಾರ ಹಾಕಿದರು. ಆಕೆ ಒಂದಿಷ್ಟೂ ನಾಚದೆ ಎಡಬಲಕ್ಕೆ ಕೈ ಎತ್ತಿ ಆಶೀರ್ವಾದ ಮಾಡಿದರು. ಹುಡುಗಿಯರು ಅವರನ್ನು ಮನೆಯಲ್ಲಿ ಇಳಿಸಿ ಕೆರೆಗೆ ಮರಳುವಷ್ಟರಲ್ಲಿ ಗಾಡಿಗೆ ಸಾಲು ನಿಂತಿತ್ತು. ಟೀಚರ್ ಎಂಬ ಮರ್ಯಾದೆ ಬದಿಗಿಟ್ಟು ನಾನೂ ನಿಂತೆ, ಭಟ್ಟರ ಹಿಂದೆ.