ಅಕ್ಕನ ಕಾರ್ಡಿಗಾಗಿ ಹರಿಹರಕ್ಕೆ

ಹುಬ್ಬಳ್ಳಿಯಿಂದ ಬೆಳಗಿನ ರೈಲು ಹಿಡಿದು ದಾವಣಗೆರೆಯಲ್ಲಿ ಇಳಿದಾಗ ಒಂಬತ್ತು ಗಂಟೆ. ಅಕ್ಕ ಗೌರಮ್ಮ ನಿಲ್ದಾಣದ ಹೊರಗೇ ಕಾದಿದ್ದಳು. ಸರ್ಕಾರ ಕಟ್ಟಡ ಕಾರ್ಮಿಕರಿಗೆ ಕೊಡುವ ಕಾರ್ಡು ಅವಳಲ್ಲಿತ್ತು, ಅದರ ಅವಧಿ ಮುಗಿಯುತ್ತ ಬಂದಿತ್ತು. ಕೆಲಸ ಮಾಡದವರೂ ಕಾರ್ಡು ಮಾಡಿಸಿಕೊಂಡಿದ್ದಾರೆಂದು ಈಗ ಇಲಾಖೆಯ ಸಾಹೇಬರೇ ಕೆಲಸದ ಜಾಗಕ್ಕೆ ಬಂದು ಪರಿಶೀಲಿಸುತ್ತಿದ್ದರು. ಅಂದು ಹರಿಹರದಲ್ಲಿ ಅವಳ ಸರದಿ. ಕಾರ್ಡು ತಪ್ಪಿದರೆ ಮಗಳ ನರ್ಸಿಂಗ್ ಓದಿನ ಸಹಾಯಧನವೂ ತಪ್ಪುತ್ತಿತ್ತು. ಅರ್ಜಿ ಓದಿ ಹೇಳಲು ನಾನು ಬೇಕೆಂದು ಕರೆಸಿದ್ದಳು.

ಬೆಣ್ಣೆ ದೋಸೆ ತಿಂದು ಬಸ್ಸು ಹತ್ತಿದೆವು. ಆಧಾರ್ ತೋರಿಸಿದ ಅಕ್ಕನಿಗೆ ಹೆಂಗಸರ ಉಚಿತ ಚೀಟಿ. ನಾನು ಇಪ್ಪತ್ತು ರೂಪಾಯಿ ಕೊಟ್ಟೆ.

"ಬಸ್ಸು ಪುಕ್ಕಟೆ ಆದ್ಮೇಲೇ ನಾನು ಹರಿಹರದ ಕೆಲ್ಸ ಒಪ್ಕಂಡಿದ್ದು," ಎಂದಳು.

ಅರ್ಧ ಗಂಟೆಯಲ್ಲಿ ಹರಿಹರ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಹೊಳೆಯ ಕಡೆಗೆ ಹೋಗುವ ರಸ್ತೆಯಲ್ಲಿ ಎರಡಂತಸ್ತಿನ ಮನೆ ಏಳುತ್ತಿತ್ತು. ಅಲ್ಲಿ ಅಕ್ಕ ತೊಂಬತ್ತು ದಿನ ದುಡಿದದ್ದಕ್ಕೆ, ಕಾರ್ಡಿಗೆ ಬೇಕಾದ ಪತ್ರವನ್ನು ಮೇಸ್ತ್ರಿ ಬಸವರಾಜಪ್ಪ ಬರೆದಿಟ್ಟಿದ್ದ. ನಾನು ಓದಿದೆ: "ಕೆಲಸ: ಸಹಾಯಕಿ."

ಅಕ್ಕ ತಡೆದಳು. "ಅದನ್ನ ತಿದ್ರಿ. ನಾನು ಗಾರೆ ಕೆಲಸದಾಕಿ."

"ಯಾವ್ದಾದ್ರೇನಕ್ಕ, ಕಾರ್ಡ್ ಬಂದ್ರೆ ಸಾಕಲ್ಲ?" ಎಂದ ಮೇಸ್ತ್ರಿ. ಗಾರೆಯವಳೆಂದು ಬರೆದರೆ ಕೂಲಿಯನ್ನೂ ಗಂಡಾಳಿನಷ್ಟೇ ಕೇಳಿಯಾಳೆಂಬ ಅಳುಕು ಅವನಿಗೆ.

ಅಷ್ಟರಲ್ಲಿ ಕಾರ್ಮಿಕ ಇಲಾಖೆಯ ಸಾಹೇಬರು ಸ್ಕೂಟರಿನಲ್ಲಿ ಬಂದರು. ಹುಡುಗು ಮುಖದ, ಮೃದು ಮಾತಿನ ಮನುಷ್ಯ. ವಿಷಯ ಕೇಳಿ, "ಹಳೇ ಕಾರ್ಡಲ್ಲೂ ಸಹಾಯಕಿ ಅಂತಾನೇ ಇದೆ. ಹಾಗೇ ಇದ್ರೆ ಈಗ್ಲೇ ಮುಗಿಸ್ತೀನಿ. ಬದಲಾಯಿಸಿದ್ರೆ ತಡ ಆಗಬಹುದು, ತಿರಸ್ಕಾರನೂ ಆಗಬಹುದು," ಎಂದರು.

ನಾನು ಅಕ್ಕನ ಸೆರಗು ಜಗ್ಗಿದೆ. "ಸುಮ್ನಿರಕ್ಕ. ಮಗಳ ಓದು ನೋಡು."

"ಅವಳಿಗೋಸ್ಕರನೇ ಬ್ಯಾಡ ಅನ್ನೋದು. ಅವ್ವ ಗಾರೆ ಕೆಲಸದಾಕಿ ಅಂತ ಅವಳ ಅರ್ಜಿಯಾಗೂ ಬರ್ಲಿ," ಎಂದಳು. ಆಮೇಲೆ ಸಾಹೇಬರ ಕಡೆ ತಿರುಗಿ, "ಹನ್ನೆರಡು ವರ್ಷ ಬುಟ್ಟಿ ಹೊತ್ತೀನ್ರಿ, ಇಲ್ಲ ಅನ್ನಲ್ಲ. ಆರು ವರ್ಷದಿಂದ ಕರಣೆ ಹಿಡಿದೀನಿ. ದಾವಣಗೆರೆ ನಿಜಲಿಂಗಪ್ಪ ಬಡಾವಣೆಯಾಗ ಮೂರು ಮನಿ ಒಳಗೋಡೆ ನಂದೇ ಐತೆ. ಇಲ್ಲೇ ಮಾಡಿ ತೋರಿಸ್ತೀನಿ, ನೋಡ್ರಿ."

ಸೆರಗು ಸಿಕ್ಕಿಸಿ, ಕಲಸಿಟ್ಟಿದ್ದ ಸಿಮೆಂಟನ್ನು ಕರಣೆಯಿಂದ ಇಟ್ಟಿಗೆ ಗೋಡೆಗೆ ಬೀಸತೊಡಗಿದಳು. ಒಂದು ಹನಿಯೂ ವ್ಯರ್ಥವಾಗಲಿಲ್ಲ. ಉದ್ದನೆಯ ಪಟ್ಟಿ ಎಳೆದು ಸಮಮಾಡಿ, ಮರದ ಹಲಗೆಯಿಂದ ತಿಕ್ಕಿ ನುಣುಪು ಮಾಡಿದಳು. ಕೆಲಸಗಾರರೆಲ್ಲ ನಿಂತು ನೋಡುತ್ತಿದ್ದರು. ಗೋಡೆ ನೆಟ್ಟಗಿದೆಯೇ ಎಂದು ಸಾಹೇಬರು ಮಟ್ಟದ ಗಾಜನ್ನು ತಾವೇ ಇಟ್ಟು ಬಗ್ಗಿ ನೋಡಿದರು. ಅದರೊಳಗಿನ ಗುಳ್ಳೆ ನಟ್ಟನಡುವೆ ನಿಂತಿತ್ತು.

"ಬಸವರಾಜಪ್ಪ, ಹೊಸ ಪತ್ರ ಬರೀರಿ," ಎಂದರು.

ಮೇಸ್ತ್ರಿ ಬೆವರೊರೆಸಿಕೊಂಡು "ಗಾರೆ ಕೆಲಸ" ಎಂದು ಬರೆದು ಸಹಿ ಹಾಕಿದ. ಸಾಹೇಬರು ಗೋಡೆಯ ಮುಂದೆ ಅಕ್ಕನನ್ನು ನಿಲ್ಲಿಸಿ ಫೋಟೊ ತೆಗೆದು, ತಾವೇ ಶಿಫಾರಸು ಮಾಡುವುದಾಗಿ ಹೇಳಿ ಹೋದರು. ಕಾರ್ಡು ಕೈಗೆ ಬಂದಿರಲಿಲ್ಲ. ಆದರೂ ಅಕ್ಕ ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿಯನ್ನು ಎಲ್ಲರಿಗೂ ಹಂಚಿ, ನಗುತ್ತ ಉಂಡಳು.

ಸಂಜೆ ಹರಿಹರದಿಂದಲೇ ರೈಲು ಹತ್ತಿದೆ. ತುಂಗಭದ್ರೆಯ ಸೇತುವೆ ದಾಟುವಾಗ ಊರಿನ ಕಡೆಗೆ ತಿರುಗಿ ನೋಡಿದೆ. ಆ ಮನೆ ಕಾಣಲಿಲ್ಲ. ಎದುರು ಕೂತಿದ್ದ ಹಿರಿಯರು ಹರಿಹರದಲ್ಲಿ ಯಾರಿದ್ದಾರೆಂದು ಕೇಳಿದರು. ಅಕ್ಕನ ಬಗ್ಗೆ ಯಾರೇ ಕೇಳಲಿ, ಕೂಲಿಯವಳೆಂಬ ಮಾತು ಬಾಯಿಗೆ ಬಾರದೆ ಇಷ್ಟು ವರ್ಷ ಏನೋ ಹೇಳಿ ತೇಲಿಸಿಬಿಡುತ್ತಿದ್ದೆ.

"ನಮ್ಮಕ್ಕ ಅಲ್ಲಿ ಮನೆ ಕಟ್ತಿದಾಳ್ರಿ," ಎಂದೆ. "ಗಾರೆ ಕೆಲಸದಾಕಿ."