ಜೇಬಿನಲ್ಲೇ ಉಳಿದ ಚೀಟಿ

ಶಾರದಾ ಟೀಚರ್, ನೀವು ಮರೆತಿರಲಿಲ್ಲ. ನಾನು ಹೇಳಿಯೇ ಇರಲಿಲ್ಲ.

ಆ ಮಾರ್ಚ್‌ನಲ್ಲಿ ಮುಂಬೈಯಲ್ಲಿದ್ದ ನಿಮ್ಮ ಅಕ್ಕನಿಗೆ ಹೃದಯದ ಆಪರೇಷನ್. ಒಳಗೆ ಹೋಗುವ ಮುಂಚೆ ತಂಗಿಯ ಮುಖ ನೋಡಬೇಕೆಂದು ಅವರ ಹಟ. ಮಂಗಳೂರಿನಿಂದ ವಿಮಾನಕ್ಕೆ ಟಿಕೆಟ್ ಮಾಡಿಸಲು ನೀವು ಮೂಡಿಗೆರೆಯ ನನ್ನ ಬುಕಿಂಗ್ ಅಂಗಡಿಗೆ ಬಂದಿರಿ. ಸಂಸೆಯ ನಿಮ್ಮ ಮನೆಯಲ್ಲಿ ಫೋನಿರಲಿಲ್ಲ. ಎಲ್ಲರಿಗೂ ಮಾಡುವಂತೆ ವಿಮಾನ ಕಂಪನಿಗೆ ನನ್ನ ಅಂಗಡಿಯ ನಂಬರನ್ನೇ ಕೊಟ್ಟೆ. ಸುದ್ದಿ ಬಂದರೆ ಚೀಟಿ ಬರೆದು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುವುದು — ನಮ್ಮ ಕಡೆಯ ಪದ್ಧತಿ ಅದೇ ತಾನೆ?

ಹೊರಡಲು ಎರಡು ದಿನವಿದ್ದಾಗ ವಿಮಾನ ಕಂಪನಿಯ ಫೋನು ಬಂತು: ಆ ವಿಮಾನ ರದ್ದು, ಒಂದು ದಿನ ಮುಂಚಿನದರಲ್ಲಿ ಸೀಟಿದೆ, ತಿಳಿಸಿಬಿಡಿ. ಚೀಟಿ ಬರೆದು ಜೇಬಿಗಿಟ್ಟು ಬಸ್ ಸ್ಟ್ಯಾಂಡಿಗೆ ಹೊರಟೆ — ಅಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂಮಳೆ. ಜಾವಳಿಯ ನನ್ನ ಮೂರೆಕರೆಯಲ್ಲಿ ಮೊಗ್ಗು ಮಳೆಯಿಲ್ಲದೆ ಬಾಡುತ್ತಿತ್ತು. "ಬಂತಲ್ಲ ಮಾರಾಯ!" ಎಂದು ಪೇಟೆಗೆ ಪೇಟೆಯೇ ರಸ್ತೆಗಿಳಿಯಿತು. ಯಾರ ತೋಟಕ್ಕೆ ಎಷ್ಟು ಇಂಚು ಬಿದ್ದೀತೆಂದು ಹರಟುತ್ತಾ ನಿಂತೆ. ಬಸ್ಸು ಹೋಗಿತ್ತು. ಜೀಪು ಮಾಡಿಕೊಂಡು ನಿಮ್ಮ ಮನೆಗೆ ಬರಬಹುದಿತ್ತು — ಬರಲಿಲ್ಲ. ಏರ್‌ಪೋರ್ಟಿನವರೇ ಏನಾದರೂ ಮಾಡುತ್ತಾರೆ ಬಿಡು, ಅಂದುಕೊಂಡೆ. ಥೂ, ನನ್ನ ಬುದ್ಧಿಗಿಷ್ಟು!

ನೀವು ಬಜ್ಪೆಯ ಏರ್‌ಪೋರ್ಟಿನಲ್ಲಿ ಬ್ಯಾಗು ಹಿಡಿದು ಇಡೀ ದಿನ ಕೂತಿರಿ. ಮರುದಿನ ಮುಂಬೈ ಮುಟ್ಟುವಷ್ಟರಲ್ಲಿ ಅಕ್ಕನನ್ನು ಒಳಗೆ ಕರೆದೊಯ್ದಿದ್ದರು. ಅವರು ಮತ್ತೆ ಕಣ್ಣು ಬಿಡಲಿಲ್ಲ.

ನೀವು ಕಂಪನಿಯಿಂದ ಪರಿಹಾರ ಕೇಳಿದಿರಿ. ದುಡ್ಡಿಗಾಗಿ ಅಲ್ಲ. "ತಪ್ಪು ನಮ್ದು ಅಂತ ಒಂದು ಸಾಲು ಬರ್ದು ಕೊಡ್ಲಿ, ಅಕ್ಕನ ಮಕ್ಳಿಗೆ ತೋರಿಸ್ತೀನಿ" ಎಂದಿರಿ. ಕಂಪನಿಯವರು ನನ್ನನ್ನು ಕೇಳಿದರು — ಪ್ರಯಾಣಿಕರಿಗೆ ಮೊದಲೇ ತಿಳಿಸಿದ್ದೀರಾ? ತಿಳಿಸಿದ್ದರೆ ಪರಿಹಾರವಿಲ್ಲ. ಏಜೆನ್ಸಿ ಕೈತಪ್ಪುತ್ತದೆಂದು ಹೆದರಿ, ತಿಳಿಸಿದ್ದೇನೆ ಎಂದು ಬರೆದು ಸಹಿ ಹಾಕಿದೆ.

ಮೊದಲೇ ತಿಳಿಸಲಾಗಿತ್ತು ಎಂಬ ಕಂಪನಿಯ ಉತ್ತರ ಹಿಡಿದು ನೀವು ಅಂಗಡಿಗೆ ಬಂದಾಗ, ಜಗಳಕ್ಕೇ ಬಂದಿರೆಂದುಕೊಂಡೆ. ನೀವೋ — "ನೀವು ಸುಳ್ಳು ಬರಿಯೋರಲ್ಲ. ನಂಗೇ ಮರ್ತು ಹೋಗಿರ್ಬೇಕು, ವಯಸ್ಸಾಯ್ತಲ್ಲ. ಅಕ್ಕಂಗೆ ನಾನೇ ಮೋಸ ಮಾಡ್ದೆ" ಎಂದಿರಿ. ನಾನೋ — ನಿಮಗೆ ಕಾಫಿ ತರಿಸಿದೆ.

ಕಲಿಸಿದ ಮಕ್ಕಳ ಹೆಸರೆಲ್ಲ ಬಾಯಲ್ಲೇ ಇದ್ದವರು ನೀವು. ಈಗ ಒಲೆ ಆರಿಸಿದ್ದನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತೀರಂತೆ. ಅದನ್ನು ಕೇಳಿದಾಗಿನಿಂದ ನನಗೆ… ಇರಲಿ. ನನ್ನ ಸಂಕಟ ಹೇಳಿಕೊಳ್ಳಲು ಬರೆದದ್ದಲ್ಲ ಇದು.

ಇದರ ಪ್ರತಿಯನ್ನು ನಿಮ್ಮ ಅಕ್ಕನ ಮಕ್ಕಳಿಗೆ ಅಂಚೆಗೆ ಹಾಕಿದ್ದೇನೆ. ನಿಮಗೆ ಸೇರಬೇಕಾದ ಈ ಕಾಗದ, ಆ ಹಳೆಯ ಚೀಟಿ — ಎರಡನ್ನೂ ಕಂಡಕ್ಟರ್ ಕೈಲಿ ಕಳಿಸುವುದಿಲ್ಲ. ನಾಳೆ ಸಂಸೆಯ ಬಸ್ಸನ್ನು ನಾನೇ ಹತ್ತುತ್ತೇನೆ.