ಎರಡು ಬೆರಳು ಉದ್ದದ ಪೋರ್ಟ್

ಕಾರಿನ ಸಬ್‌ವೂಫರ್‌ಗೆ ಬಾಕ್ಸ್ ಮಾಡುವುದು ನಂಜನಗೂಡಿನಲ್ಲಿ ನನ್ನ ಕೆಲಸ. ಬಾಕ್ಸಿನಿಂದ ಗಾಳಿ ಹೊರಬರುವ ದಾರಿಯೇ ಪೋರ್ಟ್. ಅದರ ಉದ್ದ ತಪ್ಪಿದರೆ, ಯಾರ ಕಾರಿನ ಸದ್ದು ಜೋರು ಎಂದು ಅಳೆಯುವ ಸ್ಪರ್ಧೆ ಸೋತಂತೆ.

ಟಿ. ನರಸೀಪುರದ ಶಿವು ತೀರಿಹೋದ ಅಣ್ಣನ ಕಾರು ತಂದ. ಅಣ್ಣ ಅರ್ಧ ಮಾಡಿಟ್ಟ ಬಾಕ್ಸ್ ಅದರಲ್ಲೇ ಇತ್ತು. ಪೋರ್ಟಿನ ಹಲಗೆಯ ಮೇಲೆ ಅವನ ಪೆನ್ಸಿಲ್ ಗುರುತು. ನನ್ನ ಲೆಕ್ಕಕ್ಕಿಂತ ಎರಡು ಬೆರಳು ಉದ್ದ.

"ಅಣ್ಣನ ಗುರುತಿಗೇ ಕುಯ್ರಿ ಸಾ. ಭಾನ್ವಾರ ಇದ್ರಲ್ಲೇ ಗೆಲ್ಬೇಕು. ಅವನಿಗೆ ಅದೊಂದೇ ಆಸೆ ಇದ್ದದ್ದು."

"ಸೋತ್ರೆ ನನ್ನ ಬೈಬ್ಯಾಡ ಕಣ್ಲಾ."

ಉದ್ದವಿದ್ದರೆ ಆಮೇಲೆ ಕೊಯ್ಯಬಹುದು. ಅದಕ್ಕೇ ಒಪ್ಪಿದೆ.

ಬಾಕ್ಸ್ ಮುಗಿದ ಮೇಲೆ ಶಿವು ಕಾರಿನೊಳಗೆ ಕೂತು, ಬಾಗಿಲು ಹಾಕಿ, ಸದ್ದು ಹಾಕಿದ. ಸದ್ದು ಅಳೆಯುವ ಮೀಟರ್ ಏರಲಿಲ್ಲ. ನಾನು ಗರಗಸ ಎತ್ತಿಕೊಂಡೆ.

"ತಡೀರಿ ಸಾ. ಟೆಸ್ಟ್ ಮಾಡೋವಾಗ ಅಣ್ಣ ಪಕ್ಕದ ಸೀಟಲ್ಲಿ ಕೂರೋನು. ನೀವು ಕೂತ್ಕಳಿ."

ಕೂತೆ. ಮೀಟರ್ ಜಿಗಿಯಿತು. ಮನುಷ್ಯನ ಮೈ ಕಾರಿನೊಳಗಿನ ಗಾಳಿಯ ಜಾಗ ತಿನ್ನುತ್ತದೆ, ಅಷ್ಟೇ. ಅಣ್ಣನ ಗುರುತು ಇಬ್ಬರ ಲೆಕ್ಕದ್ದು. ಆದರೆ ಸ್ಪರ್ಧೆಯಲ್ಲಿ ಒಬ್ಬನೇ ಕೂರಬೇಕು, ಪೋರ್ಟ್ ಕೊಯ್ಯೋಣ ಎಂದು ಹೇಳಿದೆ. ಅವನು ಕೇಳದೆ ಹಾಗೇ ಕೊಂಡುಹೋದ.

ಭಾನುವಾರ ಸಂಜೆ ಕಪ್ ಹಿಡಿದು ಬಂದ.

"ಪಕ್ಕದಲ್ಲಿ ಯಾರನ್ನ ಕೂರಿಸ್ಕೊಂಡಿದ್ಯೋ?"

"ಯಾರೂ ಇಲ್ಲ ಸಾ. ಖಾಲಿ ಬಿಟ್ಟಿದ್ದೆ."

ಕಾರಿನೊಳಗೆ ಬಗ್ಗಿ ನೋಡಿದೆ. ಪಕ್ಕದ ಸೀಟಿನ ಬೆಲ್ಟ್ ಹಾಕಿತ್ತು.

ಈಗ ಯಾರೇ ಬಂದರೂ ಪೋರ್ಟ್ ಅಳೆಯುವ ಮೊದಲೇ ಕೇಳಿಬಿಡುತ್ತೇನೆ, ಕಾರಿನಲ್ಲಿ ಒಟ್ಟು ಎಷ್ಟು ಜನ ಇರ್ತೀರಿ ಎಂದು.